ಅಂಬ್ರೇಜ್ ಪದಕ್ಕೊಂದು ಉದಾಹರಣೆ

"ಇದನ್ನ ಬರೆದಿದ್ದು ನೀನೇನಾ?"

ಪ್ರೂಫ್ ಹಾಳೆಯನ್ನು ಅವಳು ಅವನ ಮೇಜಿಗೆ ಕುಕ್ಕಿದ ರಭಸಕ್ಕೆ ಟೀ ಲೋಟ ಅಲುಗಾಡಿತು.

ಅದು ನಿಘಂಟಿನ ಕಚೇರಿ. ಇಂಗ್ಲಿಷ್ ಪದಗಳಿಗೆ ಅರ್ಥ, ಉದಾಹರಣೆ ಬರೆಯುವವನು ಅವನು. ತಪ್ಪು ತಿದ್ದುವವಳು ಅವಳು. ಎಲ್ಲರೂ ಅವನನ್ನು ಪಂಡಿತ ಎಂದು ರೇಗಿಸುತ್ತಿದ್ದರು. ಆರು ತಿಂಗಳಿಂದ ಇಬ್ಬರ ಊಟವೂ ಒಂದೇ ಬೆಂಚಿನಲ್ಲಿ. ಪ್ರೀತಿ ಎಂದು ಬಾಯಿಬಿಟ್ಟು ಹೇಳುವುದೊಂದೇ ಬಾಕಿ!

ಹಾಳೆಯಲ್ಲಿ ಹೀಗಿತ್ತು: 'ಅಂಬ್ರೇಜ್: ತನ್ನನ್ನು ಹೀಗಳೆದರೆಂದು ಮನನೊಂದು ಸಿಟ್ಟಾಗುವುದು. ಉದಾ: ಅಣ್ಣ ನೆಂಟರೆದುರು ನಕ್ಕನೆಂದು ಮುನಿಸಿಕೊಂಡ ಅವಳು ಮತ್ತೆಂದೂ ಹಾಡಲಿಲ್ಲ.'

ಅದು ಅವಳ ಕಥೆ. ಅವನೊಬ್ಬನಿಗೇ, ಅಳುತ್ತಾ ಹೇಳಿದ್ದು.

"ಹೆಸರು ಹಾಕಿಲ್ವಲ್ಲ..." ಎಂದು ತೊದಲಿದ.

"ಹೆಸರು ಬೇರೆ ಹಾಕ್ಬೇಕಿತ್ತಾ! ನಾನು ಹಾಡಲ್ಲ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ? ಬೆಳಿಗ್ಗೆ ಟೈಪಿಸ್ಟ್ ಅಕ್ಕ, 'ಹಾಡೇ, ನಿಮ್ಮಣ್ಣ ಇಲ್ಲಿಲ್ಲ' ಅಂತ ಎಲ್ಲರೆದುರು ನಕ್ಕರು. ಅವತ್ತು ಅಣ್ಣ ನಕ್ಕ ಹಾಗೇನೇ!"

ಅವನ ಮುಖ ಬಿಳಿಚಿಕೊಂಡಿತು. "ಕೋಪ ಅಂತ ಬರೆದೆ, ಸಾಲ್ಲಿಲ್ಲ. ಬೇಜಾರು ಅಂತ ಬರೆದೆ, ಅದೂ ಸಾಲ್ಲಿಲ್ಲ. ಆಗ ನಿನ್ನ ಮುಖ ಕಣ್ಮುಂದೆ ಬಂತು..."

"ನನ್ನ ಕಣ್ಣೀರು ನಿನಗೆ ಉದಾಹರಣೆ ಆಯ್ತು, ಅಲ್ವಾ?"

ನಂಬಿದ್ದಕ್ಕೆ ಚೆನ್ನಾಗಿ ಕತ್ತು ಕೊಯ್ದ... ಎಂದುಕೊಂಡು ಅವಳು ತನ್ನ ಜಾಗಕ್ಕೆ ಹೋಗಿ ತಲೆ ಬಗ್ಗಿಸಿದಳು. ಅಕ್ಷರಗಳೆಲ್ಲ ಮಸುಕಾದವು. ಅಣ್ಣನಾದರೂ ತಿಳಿಯದೆ ನಕ್ಕಿದ್ದ. ಇವನು ಎಲ್ಲ ಗೊತ್ತಿದ್ದೂ ಬರೆದನಲ್ಲ!

ಮಧ್ಯಾಹ್ನ ಸಂಪಾದಕರು ಅವನ ಮೇಜಿನ ಮುಂದೆ ನಿಂತು ಕೂಗಾಡಿದರು.

"ಅಚ್ಚಿಗೆ ಹೋಗೋ ಹೊತ್ತಲ್ಲಿ ಇದೇನ್ರೀ ಹುಚ್ಚಾಟ? ಇಷ್ಟು ದಪ್ಪ ಪುಸ್ತಕದಲ್ಲಿ ಇದೊಂದು ಪದಕ್ಕೆ ಮಾತ್ರ ಉದಾಹರಣೆ ಇಲ್ವಾ? ಇದ್ದಿದ್ದನ್ನ ಯಾಕ್ರೀ ಹೊಡೆದು ಹಾಕಿದ್ರಿ?"

ಅವನು ಎದ್ದು ನಿಂತ. "ಅದು ನನ್ನ ವಾಕ್ಯ ಅಲ್ಲ ಸರ್. ನನ್ನನ್ನ ನಂಬಿ ಹೇಳಿದ ಮಾತನ್ನ ಕೇಳದೇನೇ ಕದ್ದೆ. ತಪ್ಪಾಯ್ತು."

ಇಡೀ ಕಚೇರಿ ಕೇಳಿಸಿಕೊಂಡಿತು. ಟೈಪಿಸ್ಟ್ ಅಕ್ಕ ತಲೆ ಎತ್ತಲಿಲ್ಲ.

ಸಂಪಾದಕರು ಗೊಣಗುತ್ತಾ ಹೋದ ಮೇಲೆ ಅವನು ಹಾಳೆ ಹಿಡಿದು ಅವಳ ಬಳಿ ಬಂದ. "ಕ್ಷಮಿಸು ಅನ್ನೋಕೂ ಮುಖ ಇಲ್ಲ..."

ಅವಳ ನೋವು ಹೋಗಿರಲಿಲ್ಲ. ಆದರೆ ಅಣ್ಣ ಇವತ್ತಿಗೂ ತಪ್ಪಾಯ್ತು ಎಂದಿಲ್ಲ; ಇವನು ಎಲ್ಲರೆದುರು ಎಂದಿದ್ದ.

"ಪೆನ್ ತಗೋ. ಬರ್ಕೋ."

"ಏನಂತ?"

"'ಅವಳು ಮುನಿಸಿಕೊಂಡಳು. ಆದರೆ ಊಟದ ಬೆಂಚು ಬದಲಾಯಿಸಲಿಲ್ಲ.'"

ಅವನು ಬರೆದುಕೊಂಡು ತಲೆ ಎತ್ತಿದ. "ಇದು ನಿಘಂಟಿಗಾ... ನನಗಾ?"

"ನಿನಗೆ ಮಾತ್ರ. ನಿಘಂಟಿಗೆ ಬೇರೆ ಯೋಚನೆ ಮಾಡು, ಪಂಡಿತ!"