ಉಳಿದಿದ್ದ ಒಂದೇ ನರ

“ಅಲ್ಲಿ ಸಿಗಲ್ಲ ಮೇಡಂ... ಎಡಗಾಲಲ್ಲಿ ನೋಡಿ. ಒಂದು ನರ ಉಳ್ಕೊಂಡಿದೆ.”

ಅವಳ ಕೈಯಲ್ಲಿದ್ದ ಸೂಜಿ ಗಾಳಿಯಲ್ಲೇ ನಿಂತಿತು!

ಪ್ರಯೋಗಾಲಯದಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ನೋವೇ ತಿಳಿಯದಂತೆ ಚುಚ್ಚುವ ಅವಳನ್ನು ಎಲ್ಲರೂ ‘ಸೊಳ್ಳೆ’ ಎನ್ನುತ್ತಿದ್ದರು. ಆದರೆ ಎದುರಿಗಿದ್ದ ಲಿಫ್ಟ್ ಮೆಕ್ಯಾನಿಕ್‌ನ ಎರಡೂ ತೋಳುಗಳಲ್ಲಿ ರಕ್ತನಾಳಗಳು ಗಟ್ಟಿಯಾಗಿ, ಕಪ್ಪು ಗೆರೆಗಳಂತೆ ಮುಚ್ಚಿಹೋಗಿದ್ದವು.

“ಹೆರಾಯಿನ್,” ಅವನೇ ಹೇಳಿದ. “ಬಿಟ್ಟು ವರ್ಷಗಳಾಯ್ತು. ಭಯ ಪಡ್ಬೇಡಿ.”

“ಭಯ ಅಲ್ಲ... ಈಚೆಗೆ ಇಂಥ ತೋಳುಗಳೇ ಜಾಸ್ತಿ ಬರ್ತಿವೆ. ಎಲ್ಲಾ ಚಿಕ್ಕ ಹುಡುಗ್ರು.”

“ಮೊದಲು ಮಜಾ ಅಂತ ಪುಡಿ ಸೇದ್ತಾರೆ. ಸೂಜಿ ಆಮೇಲೆ ಬರುತ್ತೆ.”

ಅವಳು ಕಾಲಿನಿಂದಲೇ ರಕ್ತ ತೆಗೆದಳು.

“ಸೊಳ್ಳೆ ಇಷ್ಟು ಮೆತ್ತಗೆ ಕಚ್ಚುತ್ತಾ?” ಅವನು ನಕ್ಕ.

ಅಂದಿನಿಂದ ಪ್ರಯೋಗಾಲಯವಿದ್ದ ಕಟ್ಟಡದ ಲಿಫ್ಟ್ ಯಾಕೋ ಪದೇ ಪದೇ ಕೆಡತೊಡಗಿತು! ಅವಳಿಗೂ ಅದು ಬೇಗ ರಿಪೇರಿಯಾಗುವುದು ಬೇಕಿರಲಿಲ್ಲ...

ಒಂದು ಮಧ್ಯಾಹ್ನ ಮೇಲಿನ ಯಂತ್ರದ ಕೋಣೆಗೆ ಅವನಿಗಾಗಿ ಚಹಾ ಒಯ್ದಳು. ಬಾಗಿಲಲ್ಲೇ ಲೋಟ ಕೈಜಾರಿತು.

ಒಳಗೆ ಅವಳ ತಮ್ಮ! ಕೆಳಗಿನ ಮೊಬೈಲ್ ಅಂಗಡಿಯಲ್ಲಿ ಕೆಲಸದಲ್ಲಿರಬೇಕಾದವನು! ಮೆಕ್ಯಾನಿಕ್‌ನ ಕೈಯಲ್ಲಿ ಸಿರಿಂಜು, ಪುಡಿಯ ಪೊಟ್ಟಣ!

ಛಟೀರ್! ಅವನ ಕೆನ್ನೆಗೆ ಏಟು ಬಿತ್ತು.

“ನನ್ನ ತಮ್ಮನೇ ಬೇಕಿತ್ತಾ ನಿನಗೆ? ಥೂ! ನಿನ್ನ ನಂಬಿದ್ನಲ್ಲಾ...”

ಅವನು ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಲೆ ತಗ್ಗಿಸಿದ.

“ಅಕ್ಕಾ, ಹೊಡೀಬೇಡ!” ತಮ್ಮ ಅತ್ತುಬಿಟ್ಟ. “ಇವ್ರು ಕೊಡ್ತಿರ್ಲಿಲ್ಲ... ನನ್ ಕೈಯಿಂದ ಕಿತ್ಕೊಂಡ್ರು.”

ಅವಳು ತಮ್ಮನ ಅಂಗಿಯ ತೋಳು ಸರಿಸಿದಳು. ಹಸಿ ಚುಕ್ಕೆಗಳು... ಸಾಲಾಗಿ!

ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದವನನ್ನು ‘ಹೀರೋ’ ಎಂದು ತಾನೇ ಛೇಡಿಸಿದ್ದಳಲ್ಲ! ದಿನವಿಡೀ ಊರವರ ತೋಳು ನೋಡುವವಳು, ಪಕ್ಕದಲ್ಲೇ ಕೂತು ಉಣ್ಣುವವನ ತೋಳನ್ನು ನೋಡಿರಲಿಲ್ಲ. ಅವಳು ಆ ತೋಳನ್ನು ಎದೆಗೊತ್ತಿಕೊಂಡಳು.

ಚಿಕಿತ್ಸಾ ಕೇಂದ್ರಕ್ಕೆ ಸೇರಿಸುವ ಮುನ್ನ ತಮ್ಮನ ರಕ್ತಪರೀಕ್ಷೆ ಆಗಬೇಕಿತ್ತು; ಆಗಲೇ ಮೂವರೂ ಪ್ರಯೋಗಾಲಯಕ್ಕೆ ಇಳಿದುಬಂದರು. ತಮ್ಮ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಮೆಕ್ಯಾನಿಕ್ ಶೂ ಬಿಚ್ಚಿ ಎಡಗಾಲು ಚಾಚಿದ.

“ಮೊದಲು ನನ್ನದು ತಗೊಳ್ಳಿ, ನನ್ನ ತಪಾಸಣೆನೂ ಬಾಕಿ ಇದೆ. ನೋಡೋ, ನಿಮ್ಮಕ್ಕ ಕಚ್ಚಿದ್ರೆ ಗೊತ್ತೇ ಆಗಲ್ಲ.”

ಮೆಕ್ಯಾನಿಕ್‌ನ ಕೆನ್ನೆ ಇನ್ನೂ ಕೆಂಪಾಗಿತ್ತು.

“ಅಷ್ಟು ಜೋರಾಗಿ ಹೊಡೆದೆ... ಒಂದು ಮಾತೂ ಆಡ್ಲಿಲ್ವಲ್ಲ ನೀವು?”

“ನನಗೂ ಹೀಗೆ ಓಡಿಬಂದು ಜಗಳ ಆಡೋ ಅಕ್ಕ ಇದ್ದಿದ್ರೆ ಈ ತೋಳು ಉಳೀತಿತ್ತೇನೋ... ಅನ್ನಿಸ್ತು.”

ಅವಳು ತಲೆಯೆತ್ತದೆ ಹೇಳಿದಳು: “ಅಕ್ಕ ಅಂತೂ ಆಗಲ್ಲ ನಾನು. ಬೇರೆ ಏನಾದ್ರೂ... ಆಗ್ಲಾ?”

“ನನ್ನಂಥವನಿಗಾ? ಮತ್ತೆ ಜಾರಿಬಿಟ್ರೆ...?”

“ಮತ್ತೆ ಓಡಿ ಬರ್ತೀನಿ.”

ತಮ್ಮ ಇಬ್ಬರನ್ನೂ ನೋಡಿದ. ಬೆನ್ನ ಹಿಂದಿನಿಂದ ಮೆಲ್ಲನೆ ಕೈ ಈಚೆ ಬಂತು.

“ಅಕ್ಕಾ... ನನ್ನದೂ ತಗೋ.”