ತುಂಬಿಹೋದ ತಗ್ಗು

ಆ ಬೆಳಿಗ್ಗೆ ಮಂಜು ಗುಡ್ಡ ಇಳಿದು ಬಂದು ಕಚೇರಿಯ ಕಿಟಕಿಗೆ ಹಣೆ ಹಚ್ಚಿ ನಿಂತಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ನಕ್ಷೆ ಮಾಡುವವಳ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ನಿಚ್ಚಳ.

ಗುಡ್ಡದ ನೆತ್ತಿಯ ಕೆಳಗೊಂದು ತಗ್ಗಿತ್ತು. ದೇವರು ಅಂಗೈ ಒತ್ತಿ ಮಾಡಿದಂಥ ತಗ್ಗು. ಅದರ ಒರತೆಯೇ ಕೆಳಗಿನ ಹಳ್ಳದ ತಾಯಿ. ನೀರಿನ ದಾರಿ ಗುರುತಿಸುವಾಗ ಯಂತ್ರ ಸಣ್ಣ ತಗ್ಗುಗಳನ್ನೆಲ್ಲ ಅಳತೆಯ ತಪ್ಪೆಂದು ತಿಳಿದು ನಕ್ಷೆಯಲ್ಲಿ ತುಂಬಿಬಿಡುತ್ತದೆ. ನಿಜವಾದವನ್ನು ನಕ್ಷೆ ಮಾಡುವವರೇ ಕೈಯಾರೆ ಉಳಿಸಬೇಕು. ಅವಳು ಮರೆತಳು. ನಕ್ಷೆಯಲ್ಲಿ ಇಲ್ಲದ ತಗ್ಗು ರಕ್ಷಣೆಯ ಗೆರೆಯಿಂದ ಹೊರಗುಳಿಯಿತು. ಹೊಸ ರಸ್ತೆಯ ಮಣ್ಣು ಅದರ ಮೇಲೆ ಬಿತ್ತು.

ಬಾಗಿಲಲ್ಲಿ ಕೆಮ್ಮಿನ ಸದ್ದು. ಜಿಪಿಎಸ್ ಹಿಡಿದು ಹಳ್ಳ ಅಲೆಯುವ ಸರ್ವೇಯರ್, ಕಚೇರಿಯವರ ಬಾಯಲ್ಲಿ ‘ಹಳ್ಳದ ಸಾಹೇಬ’. ಬೇರೆ ಊರಿಗೆ ವರ್ಗ ಕೇಳಿ ಪಡೆದಿದ್ದ. ಹೆಗಲಿಗೆ ಚೀಲ ಏರಿತ್ತು.

“ಅಗೆಸಿ ನೋಡಿದ್ರಾ?” ಎಂದಳು.

“ನೋಡಿದ್ವಿ. ಮಣ್ಣೆಲ್ಲ ತೆಗೆದ್ವಿ. ಒಂದು ಹನಿ ಇಲ್ಲ.”

“ನನಗೆ ಬೈದಾದರೂ ಬಿಡಿ, ಸಾಹೇಬ್ರೇ.”

“ಬೈಯೋಕೆ ನಾನ್ಯಾವ ಸಾಚಾ? ನಿಮ್ಮ ನಕ್ಷೆ ತಾಳೆ ನೋಡಿ ಒಪ್ಪಿಗೆ ಕೊಟ್ಟಿದ್ದು ನಾನೇ ಅಲ್ವಾ?”

“ಅದೇ ಅರ್ಥ ಆಗಲ್ಲ. ಅಷ್ಟು ಹೊತ್ತು ಪರದೆ ಮುಂದೆ ಕೂತಿದ್ರಿ. ನೀವೇ ನಡೆದಾಡಿದ ಜಾಗ, ಕಣ್ಣಿಗೆ ಹೇಗೆ ತಪ್ಪಿತು?”

ಅವನ ಕಿವಿ ಕೆಂಪಾಯಿತು.

“ಪರದೆ ಆಫ್ ಆಗಿದ್ರೂ ಗೊತ್ತಾಗ್ತಿರಲಿಲ್ಲ ನನಗೆ. ನೀವು ಪೆನ್ಸಿಲನ್ನ ಜಡೆಗೆ ಸಿಕ್ಕಿಸಿಕೊಂಡು, ಮೇಜೆಲ್ಲ ಅದನ್ನೇ ಹುಡುಕ್ತಿದ್ರಿ.”

ಅವಳ ಕೈ ತಾನಾಗಿ ಜಡೆಗೆ ಹೋಯಿತು. ನಗು ತುಟಿಯವರೆಗೆ ಬಂದು ಅಲ್ಲೇ ಇಂಗಿತು.

“ಆಗಲೇ ಹೇಳಬಾರದಿತ್ತಾ?”

“ಕೆಲಸ ಮುಗೀಲಿ ಅಂತಿದ್ದೆ.”

“ಈಗ ಹೇಳಿದ್ರಲ್ಲ. ಉಳ್ಕೊಳ್ಳಿ.”

ಅವನು ಬಹಳ ಹೊತ್ತು ಅವಳನ್ನು ನೋಡಿದ, ಆ ದಿನ ನೋಡಿದ ಹಾಗೆಯೇ.

“ಕೆಳಗಿನ ಊರಿನ ಅಜ್ಜಿ ಕೊಡ ಹಿಡ್ಕೊಂಡು ಕೇಳ್ತಾರೆ, ‘ಮಗಾ, ನೀರು ಯಾವಾಗ ಬರುತ್ತೆ?’ ಅಂತ. ನಾವಿಬ್ಬರೂ ಒಂದೇ ಮನೇಲಿದ್ರೆ, ನಲ್ಲಿ ತಿರುಗಿಸಿದಾಗಲೆಲ್ಲ ಆ ಮಾತು ಕೇಳಿಸುತ್ತೆ, ಮೇಡಂ.”

ಅವನೇ ಮಾತು ಹಗುರ ಮಾಡಲು ಹಳೆಯ ತಗಾದೆ ತೆಗೆದ: “ನಮ್ಮಮ್ಮನ ಬಾಟಲಿ ಇನ್ನೂ ಕೊಟ್ಟಿಲ್ಲ ನೀವು. ಮನೇಲಿ ನನಗೆ ಮಂಗಳಾರತಿ.”

ಮೊದಲ ಭೇಟಿಯಂದು ಒರತೆಯ ನೀರು ತುಂಬಿ ತಂದು, ಕುಡಿದು ವಾಪಸ್ ಕೊಡಿ ಎಂದಿದ್ದ ಗಾಜಿನ ಬಾಟಲಿ. ಅವಳು ಮಾನಿಟರಿನ ಹಿಂದಿನಿಂದ ಅದನ್ನು ತೆಗೆದಳು. ಸೆರಗಿನಿಂದ ಧೂಳು ಒರೆಸಿ, ಅವನ ಕೈಗಿಟ್ಟಳು.

ಬಾಟಲಿ ಕುತ್ತಿಗೆಯವರೆಗೂ ತುಂಬಿತ್ತು.