ವಿಂಡೋ ಮುಚ್ಚಿದ ಮೇಲೆ

"ಕೇಳಾಕತ್ತೀ ಇಲ್ಲೋ?"

"ಹೂಂ," ಎಂದ ಶಾಂತಕುಮಾರ. ಕೇಳುತ್ತಿರಲಿಲ್ಲ. ಪಂಚಶೀಲಾ ಸ್ಕ್ರೀನಿನತ್ತ ಬಾಗಿದಾಗ ಕಿವಿಯ ಹಿಂದಿನಿಂದ ಜಾರಿದ ಕೂದಲನ್ನು ನೋಡುತ್ತಿದ್ದ.

"ನಿನ್ನ ವಿಂಡೋ ಮುಚ್ಚಿದಾಗ ನಾ ಬರದ ಕ್ಲೋಸ್ ಮೆಥಡ್ ಕರಿ, ಅದು ತಕ್ಕಡಿ ಪೋರ್ಟ್ ಬಿಡಸ್ತದ. ಇಲ್ಲಾಂದ್ರ ವಿಂಡೋ ಹೋಗ್ತದ, ಪ್ರೋಗ್ರಾಂ ಒಳಗ ಪೋರ್ಟ್ ಹಿಡ್ಕೊಂಡೇ ಕುಂದರ್ತದ. ನನ್ನ ಮಾರಿ ಮ್ಯಾಲ ಏನ್ ಬರದದ?"

"ಭಾಳ ಬರದದ. ಓದಾಕತ್ತೇನಿ."

ಅವಳು ನಗುತ್ತ ಪೆನ್ನಿನಿಂದ ಅವನ ಕೈಗೆ ಕುಟ್ಟಿದಳು.

ಆಳಂದದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಜಾವಾ ಪ್ರಾಜೆಕ್ಟ್. ತಕ್ಕಡಿಯ ಮೇಲಿಟ್ಟ ತೊಗರಿಯ ತೂಕ ಕಂಪ್ಯೂಟರಿನಲ್ಲಿ ಕಾಣಬೇಕು. ಕಂಪ್ಯೂಟರಿನ ಪೋರ್ಟಿಗೆ ಜೋಡಿಸಿದ ತಕ್ಕಡಿಯಿಂದ ತೂಕ ಓದುವುದು ಅವಳ ಭಾಗ, ಅದನ್ನು ತೋರಿಸುವ ವಿಂಡೋ ಅವನದು.

ಡೆಮೊದಲ್ಲಿ ಮೊದಲ ಸಲ ತೂಕ ಸರಿಯಾಗಿ ಬಂತು. ಅವನು ವಿಂಡೋ ಮುಚ್ಚಿದ. "ಇನ್ನೊಮ್ಮೆ ತೆಗಿ," ಎಂದರು ರೇವಣಪ್ಪ ಸರ್. ತೆಗೆದ. ತೂಕವಿಲ್ಲ, ಪೋರ್ಟ್ ಬಿಜಿ ಎಂಬ ಕೆಂಪು ಸಾಲು. ಹಿಂದಿನ ಬೆಂಚು ಕಿಸಕ್ಕೆಂದಿತು.

"ಅದು ಆಕಿ ಭಾಗ ರೀ ಸರ್," ಎಂದುಬಿಟ್ಟ. ನಗು ತನ್ನ ಮೇಲಿಂದ ಸರಿಯಲೆಂದು ಇನ್ನೊಂದು ಮಾತು ಸೇರಿಸಿದ: "ಕೋಟಾದಾಗ ಬಂದವ್ರಿಗೆ ಇಷ್ಟೇ ಬರ್ತದ ರೀ."

ಬೆಂಚು ಜೋರಾಗಿ ನಕ್ಕಿತು. ಪಂಚಶೀಲಾ ಮನೆಯಿಂದ ತಂದಿದ್ದ ತೊಗರಿಯನ್ನು ಚೀಲಕ್ಕೆ ಸುರಿದುಕೊಂಡು ಹೊರಗೆ ಹೋದಳು.

ಲ್ಯಾಬ್ ಖಾಲಿಯಾದ ಮೇಲೆ ನೋಡಿದ. ಮುಚ್ಚಿದ ಪ್ರೋಗ್ರಾಂ ಒಳಗೊಳಗೇ ಓಡುತ್ತಿತ್ತು, ತಕ್ಕಡಿಯ ಪೋರ್ಟನ್ನು ಬಿಟ್ಟಿರಲಿಲ್ಲ. ಅವಳ ಕ್ಲೋಸ್ ಮೆಥಡ್ ಚೊಕ್ಕಟವಾಗಿತ್ತು. ಅದನ್ನು ಕರೆಯುವ ಸಾಲನ್ನೇ ಅವನು ಬರೆದಿರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಗೆ ಓಡಿದ.

ಅವಳು ಬಸ್ ಸ್ಟ್ಯಾಂಡಿನಲ್ಲಿ ಕಡಗಂಚಿ ಬಸ್ಸಿಗೆ ಕಾಯುತ್ತಿದ್ದಳು.

"ತಪ್ಪು ನಂದು. ಕ್ಲೋಸ್ ಕರದಿದ್ದಿಲ್ಲ."

"ಗೊತ್ತದ."

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ?"

"ನೀ ಆ ಮಾತು ಅಂದ ಮ್ಯಾಲ ಕೋಡಿನ ಮಾತು ಯಾರಿಗೆ ಬೇಕಾಗಿತ್ತು?"

ಅವನು ತನ್ನ ಚಪ್ಪಲಿ ನೋಡುತ್ತಲೇ ಹೇಳಿದ: "ನಾ ನಿನ್ನ ಪ್ರೀತಿ ಮಾಡ್ತೇನಿ."

"ಅದೂ ಗೊತ್ತದ. ಪ್ರೀತಿ ಅಂಬೂದು ಯಾರೂ ಇಲ್ಲದ ಕಡಿ ಹೇಳ್ತಿ. ಆ ಮಾತು ಎಲ್ಲರ ಮುಂದ ಅಂದಿ. ಮೆಥಡ್ ಮರ್ತಿದ್ದು ಮಾಫ್ ಲೇ. ಆದ್ರ ಆ ಮಾತು ನೀ ಮರ್ತು ಆಡಿದ್ದಲ್ಲ."

ಬಸ್ಸು ಬಂತು. ಅವಳು ಹತ್ತಿದಳು.

ಮರುದಿನ ಅವನು ಕ್ಲಾಸಿನ ಮುಂದೆ ನಿಂತ. "ನಿನ್ನಿ ತಪ್ಪು ನಂದಿತ್ತು. ಪಂಚಶೀಲಾಗ ಅಂದ ಮಾತು ಹೊಲಸು. ಗೊತ್ತಿದ್ದೇ ಅಂದೆ."

"ಏನ್ಲೇ, ಲವ್ ಆಗ್ಯಾದೇನು?" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಹೌದು."

ಎಲ್ಲರೂ ನಕ್ಕರು. ಅವನು ತಪ್ಪಿಸಿಕೊಳ್ಳಲಿಲ್ಲ. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿಗೆ ಹೋಗಲು ಧೈರ್ಯ ಸಾಲದೆ ಗೋಡೆಗೆ ಒರಗಿ ನಿಂತ. ಪಂಚಶೀಲಾ ತಲೆ ಎತ್ತದೆಯೇ ಆ ಕುರ್ಚಿಯನ್ನು ಕಾಲಿನಿಂದ ತುಸು ಹೊರಗೆ ತಳ್ಳಿದಳು.

"ಕುಂದರು. ಸಿಟ್ಟು ಇನ್ನೂ ಅದ. ಆದ್ರೂ ಕುಂದರು."